ಕೇಳದೆ ಬಂದ ಸರಕು, ಬೆನ್ನಟ್ಟಿ ಬಂದ ಬಿಲ್ಲು

'ಮೌನಂ ಸಮ್ಮತಿ ಲಕ್ಷಣಂ' ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಈ ಮಾತನ್ನೇ ಬಂಡವಾಳ ಮಾಡಿಕೊಂಡು ಒಂದು ವ್ಯಾಪಾರವೇ ಬೆಳೆದಿತ್ತೆಂಬುದು ಹಲವರಿಗೆ ತಿಳಿದಿರಲಾರದು. ನಾವು ಕೇಳದೇ ಇದ್ದ ವಸ್ತುವೊಂದು ಅಂಚೆಯಲ್ಲಿ ಮನೆಗೆ ಬರುತ್ತದೆ. ಬೇಡವಾದರೆ ಇಂತಿಷ್ಟು ದಿನದೊಳಗೆ ಹಿಂದಿರುಗಿಸಿ, ಇಲ್ಲವಾದರೆ ಹಣ ಕಳುಹಿಸಿ ಎಂಬ ಪತ್ರವೂ ಜೊತೆಗಿರುತ್ತದೆ. ಸುಮ್ಮನಿದ್ದರೆ ಬಿಲ್ಲು ಬರುತ್ತದೆ. ಮತ್ತೂ ಸುಮ್ಮನಿದ್ದರೆ ನ್ಯಾಯಾಲಯದ ಬೆದರಿಕೆ ಬರುತ್ತದೆ. ಬ್ರಿಟನ್ನಿನಲ್ಲಿ ಇದಕ್ಕೆ 'ಇನರ್ಷಿಯಾ ಸೆಲ್ಲಿಂಗ್' ಎಂಬ ಹೆಸರು ಬಿತ್ತು. ಗಿರಾಕಿಯ ಜಡತ್ವವನ್ನೇ ನೆಚ್ಚಿಕೊಂಡ ಮಾರಾಟ ಎಂದು ಅದರ ಅರ್ಥ.

ಮೌನ ಒಪ್ಪಿಗೆಯಲ್ಲ ಎಂದು ಇಂಗ್ಲೆಂಡಿನ ನ್ಯಾಯಾಲಯ 1862ರಲ್ಲೇ ಹೇಳಿತ್ತು. ಫೆಲ್ಟ್‌ಹೌಸ್ ಎಂಬವರು ತಮ್ಮ ಸಹೋದರನ ಮಗನ ಕುದುರೆಯನ್ನು ಕೊಳ್ಳಬಯಸಿದ್ದರು. ನಿನ್ನಿಂದ ಉತ್ತರ ಬರದಿದ್ದರೆ 30 ಪೌಂಡ್ 15 ಶಿಲ್ಲಿಂಗಿಗೆ ಕುದುರೆ ನನ್ನದೆಂದೇ ತಿಳಿಯುತ್ತೇನೆ ಎಂದು ಅವರು ಬರೆದರು. ಹುಡುಗ ಉತ್ತರಿಸಲಿಲ್ಲ. ಬಿಂಡ್ಲಿ ಎಂಬ ಹರಾಜುಗಾರ ತಪ್ಪಿ ಆ ಕುದುರೆಯನ್ನು ಬೇರೆಯವರಿಗೆ ಮಾರಿಬಿಟ್ಟ. ಫೆಲ್ಟ್‌ಹೌಸ್ ಅವನ ಮೇಲೆ ದಾವೆ ಹೂಡಿ ಸೋತರು. ಉತ್ತರ ಬರೆಯುವ ಹೊರೆಯನ್ನು ಒಬ್ಬರು ಇನ್ನೊಬ್ಬರ ಮೇಲೆ ಹೊರಿಸಲಾಗದು ಎಂಬುದು ಆ ತೀರ್ಪಿನ ಸಾರ.

ಹಾಗಿದ್ದರೂ ಈ ವ್ಯಾಪಾರ ನೂರು ವರ್ಷಗಳ ಬಳಿಕವೂ ಹೇಗೆ ನಡೆಯಿತು? ಕಾನೂನಿನ ಇನ್ನೊಂದು ಮಗ್ಗುಲನ್ನು ನೋಡಬೇಕು. ಮನೆಗೆ ಬಂದ ವಸ್ತುವನ್ನು ಬಳಸಿದರೆ ಕೊಂಡಂತೆಯೇ ಲೆಕ್ಕ. ಬಳಸದಿದ್ದರೆ ಅದು ಕಳುಹಿಸಿದವನ ಸೊತ್ತು. ಎಸೆಯುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ನಮ್ಮ 1872ರ ಕರಾರು ಕಾಯಿದೆಯ 70ನೇ ಕಲಮಿನಲ್ಲೂ ಇಂಥದೊಂದು ಉದಾಹರಣೆಯಿದೆ. ವ್ಯಾಪಾರಿಯೊಬ್ಬ ತಪ್ಪಿ ಒಬ್ಬರ ಮನೆಯಲ್ಲಿ ಸರಕು ಬಿಟ್ಟುಹೋಗುತ್ತಾನೆ. ಮನೆಯವನು ಅದನ್ನು ತನ್ನದರಂತೆ ಬಳಸಿಕೊಂಡರೆ ಬೆಲೆ ಕೊಡಬೇಕಾಗುತ್ತದೆ. ಇದು ನ್ಯಾಯವೇ ಸರಿ. ಒಬ್ಬನ ಪ್ರಾಮಾಣಿಕ ತಪ್ಪು ಇನ್ನೊಬ್ಬನಿಗೆ ಲೂಟಿಯಾಗಬಾರದು. ಆದರೆ ಬೇಕೆಂದೇ ಸರಕು ಕಳುಹಿಸುವ ಕಂಪೆನಿಗಳು ಇದೇ ನ್ಯಾಯದ ನೆರಳಿನಲ್ಲಿ ಅಡಗಿಕೊಂಡವು. ಕಂಪೆನಿಯ ಪತ್ರವನ್ನು ಮೋಸಗಾರ ಕಸದಬುಟ್ಟಿಗೆ ಹಾಕುತ್ತಿದ್ದ. ಪರರ ಸೊತ್ತು ಮನೆಯಲ್ಲಿದೆ ಎಂದು ಸಂಕಟಪಡುವ ಸಜ್ಜನ ಹಣ ಕಳುಹಿಸುತ್ತಿದ್ದ. ಅವನ ಪ್ರಾಮಾಣಿಕತೆಯೇ ಈ ವ್ಯಾಪಾರಕ್ಕೆ ಲಾಭ ತಂದಿತು.

ಈ ಅನ್ಯಾಯಕ್ಕೆ ಅಮೆರಿಕ 1970ರಲ್ಲಿ ತಡೆ ಹಾಕಿತು. ಆ ವರ್ಷದ ಅಂಚೆ ಪುನರ್ರಚನೆ ಕಾಯಿದೆಯ ಪ್ರಕಾರ, ಕೇಳದೆ ಬಂದ ಸರಕನ್ನು ಪಡೆದವರು ಉಡುಗೊರೆಯೆಂದು ಇಟ್ಟುಕೊಳ್ಳಬಹುದು, ಬಳಸಬಹುದು, ಎಸೆಯಲೂಬಹುದು. ಅದಕ್ಕೆ ಬಿಲ್ಲು ಕಳುಹಿಸುವುದೇ ನಿಷಿದ್ಧವಾಯಿತು. ಉಚಿತ ಮಾದರಿಗಳಿಗೆ ಮತ್ತು ದೇಣಿಗೆ ಬೇಡುವ ಧರ್ಮಾರ್ಥ ಸಂಸ್ಥೆಗಳಿಗೆ ಮಾತ್ರ ಹಾಗೆ ಕಳುಹಿಸಲು ಅವಕಾಶ ಉಳಿಯಿತು. ಮರುವರ್ಷ, ಅಂದರೆ 1971ರಲ್ಲಿ, ಬ್ರಿಟನ್ ಕೂಡ ಕಾಯಿದೆ ಮಾಡಿತು. ಕಳುಹಿಸಿದವನು ಆರು ತಿಂಗಳೊಳಗೆ ಬಂದು ಒಯ್ಯದಿದ್ದರೆ ಸರಕು ಪಡೆದವನದು. ಒಯ್ಯಿರೆಂದು ನೋಟೀಸು ಕೊಟ್ಟರೆ 30 ದಿನ ಸಾಕು. ಹಕ್ಕಿಲ್ಲದೆ ಹಣ ಕೇಳುವುದು ಅಪರಾಧವಾಯಿತು. ಗ್ರಾಹಕರ ಮಟ್ಟಿಗೆ ಈ ಕಾಯುವ ಅವಧಿಯನ್ನೂ 2000ದ ನಿಯಮಗಳು ತೆಗೆದುಹಾಕಿದವು. ಅಲ್ಲಿಯವರೆಗೆ ಪಡೆದವನ ತಲೆಯ ಮೇಲಿದ್ದ ಹೊರೆ ಹೀಗೆ ಕಳುಹಿಸಿದವನ ತಲೆಗೆ ಹೋಯಿತು.

ನಮ್ಮಲ್ಲಿ ಅಂಚೆಯ ವ್ಯಾಪಾರಕ್ಕೆ ಬಾಗಿಲು ತೆರೆದದ್ದು 1877ರಲ್ಲಿ ಬಂದ ವಿ.ಪಿ.ಪಿ. ಪದ್ಧತಿ. ಅದರಲ್ಲಿ ಹಣ ಕೊಟ್ಟ ಮೇಲೆಯೇ ಪೊಟ್ಟಣ ಕೈಗೆ ಬರುತ್ತಿತ್ತು. ಹಾಗಾಗಿ ಬೇಡವೆನ್ನಲು ಬಾಗಿಲಲ್ಲೇ ಅವಕಾಶವಿತ್ತು. ಆದರೆ ಮೌನವನ್ನು ಹಣ ಮಾಡಿಕೊಳ್ಳುವ ಬುದ್ಧಿ ಬೇರೆ ವೇಷದಲ್ಲಿ ಇಲ್ಲಿಗೂ ಬಂತು. ಕೇಳದ ಹಾಡು, ಕೇಳದ ಜೋಕು ಮೊಬೈಲಿಗೆ ಬಂದು ಪ್ರೀಪೇಯ್ಡ್ ಹಣ ಕರಗುತ್ತಿದ್ದ ದಿನಗಳು ಅನೇಕರಿಗೆ ನೆನಪಿರಬಹುದು. ಇಂಥ ಸೇವೆಗೆ ಗ್ರಾಹಕನಿಂದ ಎರಡು ಬಾರಿ ಒಪ್ಪಿಗೆ ಪಡೆಯಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2013ರಲ್ಲಿ ಆದೇಶಿಸಿತು. ಆನ್‌ಲೈನ್ ಖರೀದಿಯಲ್ಲಿ ನಾವು ಆರಿಸದ ವಸ್ತುವನ್ನು ಬಿಲ್ಲಿಗೆ ಸೇರಿಸುವುದನ್ನೂ, ಚಂದಾ ರದ್ದುಮಾಡಲು ಆಗದಂತೆ ಕಟ್ಟಿಹಾಕುವುದನ್ನೂ 2023ರ ಕೇಂದ್ರದ ಮಾರ್ಗಸೂಚಿಗಳು ನಿಷೇಧಿಸಿವೆ.

ಈ ಚರಿತ್ರೆಯಿಂದ ನಾವು ಕಲಿಯಬೇಕಾದದ್ದಿದೆ. ಅಮೆರಿಕದ ಕಾನೂನನ್ನು ನೆಚ್ಚಿ ಇಲ್ಲಿ ಬಂದ ಸರಕನ್ನು ಉಡುಗೊರೆ ಎಂದುಕೊಳ್ಳುವುದು ಬೇಡ. ಮನೆಯಲ್ಲಿ ಯಾರೂ ತರಿಸಿಲ್ಲವೆಂದು ಖಚಿತವಾದರೆ ಪೊಟ್ಟಣವನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸಿ, ಹಣ ಕೊಡಬೇಡಿ. ಒಳಗೆ ಬಂದುಬಿಟ್ಟಿದ್ದರೆ ಬಳಸದೆ ಎತ್ತಿಡಿ. ನಾವು ಕೇಳಿಲ್ಲ, ನಿಮ್ಮ ಖರ್ಚಿನಲ್ಲಿ ಒಯ್ಯಿರಿ ಎಂದು ಬರೆದು ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಬೆದರಿಕೆ ಮುಂದುವರಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ.

ಪರರ ಸೊತ್ತಿಗೆ ಆಸೆಪಡದಿರುವುದು ಸಜ್ಜನಿಕೆ. ಆದರೆ ನಾವು ಮಾಡದ ಸಾಲವನ್ನು ಹೆದರಿ ತೀರಿಸುವುದು ಸಜ್ಜನಿಕೆಯಲ್ಲ. ಹಾಗೆ ನಾವು ಕೊಡುವ ಹಣ ಮುಂದಿನ ಮನೆಗೆ ಹೋಗುವ ಪೊಟ್ಟಣದ ಅಂಚೆವೆಚ್ಚವಾಗುತ್ತದೆ.