ತರಗಿಗೊಂದು ಕಾಲ

ಕ್ರಿಕೆಟ್ ವರದಿಗಾರರ ಕೈಯಲ್ಲಿ ಸವೆದುಹೋದ ಪದಗಳಲ್ಲಿ ತರಗೆಲೆಯೂ ಒಂದು. ನಾಲ್ಕು ವಿಕೆಟ್ ಬೇಗ ಬಿದ್ದರೆ ಸಾಕು, ‘ತರಗೆಲೆಗಳಂತೆ ಉದುರಿದ ವಿಕೆಟ್‌ಗಳು’ ಎಂಬ ತಲೆಬರಹ ಸಿದ್ಧ. ಚುನಾವಣೆಯಲ್ಲಿ ನೆಲ ಕಚ್ಚಿದ ಪಕ್ಷ ತರಗೆಲೆಯಂತೆ ತೂರಿಹೋಗುತ್ತದೆ. ಪತ್ತೇದಾರಿ ಕಾದಂಬರಿಯ ಕಳ್ಳ ತರಗೆಲೆಯಂತೆ ನಡುಗುತ್ತಾನೆ. ಇವುಗಳಲ್ಲಿ ತೂರಿಹೋಗುವುದಕ್ಕೆ ನನ್ನ ಒಪ್ಪಿಗೆಯಿದೆ, ನಡುಗುವುದನ್ನೂ ಹೇಗೋ ಸಹಿಸಿಕೊಳ್ಳಬಹುದು. ಆದರೆ ಉದುರುವುದು? ಮರದಿಂದ ಉದುರುವುದು ಹಣ್ಣೆಲೆ. ಅದು ನೆಲ ಸೇರಿ, ಒಣಗಿ, ಅಂಚು ಸುರುಟಿ, ಕಾಲಿಟ್ಟರೆ ಚರಚರ ಅನ್ನುವ ಹೊತ್ತಿಗೆ ತರಗೆಲೆ. ಉದುರುವ ಕೆಲಸ ಅದಕ್ಕೆ ಆಗಲೇ ಮುಗಿದಿರುತ್ತದೆ.

ಚಿಗುರು, ತಳಿರು, ಹಣ್ಣೆಲೆ, ತರಗೆಲೆ. ಹೀಗೆ ಎಲೆಯ ವಯಸ್ಸಿಗೆ ಕನ್ನಡ ಲೆಕ್ಕ ಇಟ್ಟಿದೆ. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ ಎಂಬ ಗಾದೆ ಬಿದ್ದಲ್ಲಿಗೇ ನಿಂತುಬಿಡುತ್ತದೆ. ಬಿದ್ದ ಮೇಲಿನ ಬಾಳಿಗೂ ಹೆಸರಿಟ್ಟವರು ಆ ಎಲೆಯಿಂದ ಉಪಯೋಗ ಕಂಡವರೇ ಇರಬೇಕು.

ಅಕ್ಟೋಬರ್ ಬಂದರೆ ಅಮೆರಿಕದಲ್ಲಿರುವ ಮಕ್ಕಳು ಕೆಂಪು, ಕಿತ್ತಳೆ ಮರಗಳ ಪಕ್ಕ ನಿಂತ ಚಿತ್ರಗಳನ್ನು ವಾಟ್ಸಾಪ್‌ಗೆ ಕಳಿಸುತ್ತಾರೆ. ಇಲ್ಲಿನ ಅಪ್ಪ ಅಮ್ಮ ‘ನಮ್ಮಲ್ಲೆಲ್ಲಿ ಬರಬೇಕು ಆ ಬಣ್ಣ’ ಎಂದು ನಿಟ್ಟುಸಿರು ಬಿಡುತ್ತಾರೆ. ಬರುತ್ತದೆ, ತಿಂಗಳು ಬೇರೆ ಅಷ್ಟೆ. ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರಿನಲ್ಲಿ. ಅಂಥ ಹೊತ್ತಿನಲ್ಲಿ ಎಲೆ ಉದುರಿಸಲು ಮರಕ್ಕೇನು ತಲೆ ಕೆಟ್ಟಿದೆಯೇ! ಅಲ್ಲಿನ ಮರಗಳು ಚಳಿಗೆ ಹೆದರಿ ಉದುರಿಸಿದರೆ, ಇಲ್ಲಿನವು ನೀರಿನ ಕೊರತೆಯನ್ನು ಮುಂದಾಗಿಯೇ ಲೆಕ್ಕ ಹಾಕಿ ಉದುರಿಸುತ್ತವೆ. ಅಲ್ಲಿ ಬೇಸಿಗೆ ಹೋಗಿ ಎಲೆ ಬೀಳುತ್ತದೆ, ಇಲ್ಲಿ ಎಲೆ ಬಿದ್ದು ಬೇಸಿಗೆ ಬರುತ್ತದೆ. ಪುಷ್ಯ, ಮಾಘ, ಫಾಲ್ಗುಣ, ಅಂದರೆ ಹೆಚ್ಚು ಕಡಿಮೆ ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ತರಗಿನ ಕಾಲ.

ಇದನ್ನು ನೋಡಲು ಬೆಂಗಳೂರಿನ ನಾಗಸಂದ್ರ ಒಳ್ಳೆಯ ಜಾಗ ಅಂದರೆ ನಗಬೇಡಿ. ತುಮಕೂರು ರಸ್ತೆಯ ಲಾರಿಗಳು, ಪೀಣ್ಯದ ಲೇತ್ ಮಷೀನುಗಳು, ಮೇಲ್ಸೇತುವೆಯ ಧೂಳು ಎಲ್ಲ ನಿಜ. ಆದರೆ 2015ರ ಮೇ 1ರಿಂದ ಇಲ್ಲೊಂದು ಮೆಟ್ರೊ ನಿಲ್ದಾಣವಿದೆ. ರೈಲು ಎತ್ತರದಲ್ಲಿ ಓಡುವುದರಿಂದ ಮರಗಳ ನೆತ್ತಿ ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಫೆಬ್ರುವರಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕರೆ ಹೊಂಗೆಯನ್ನು ನೋಡಿ. ಬೇರೆ ಮರಗಳಂತೆ ತಿಂಗಳುಗಟ್ಟಲೆ ಬೋಳಾಗಿ ನಿಲ್ಲುವ ಜಾತಿಯಲ್ಲ ಅದು. ಹಳೆಯದು ಇನ್ನೂ ಬುಡದಲ್ಲಿ ಬಿದ್ದಿರುವಾಗಲೇ ಎಣ್ಣೆ ಹಚ್ಚಿದಂತೆ ಹೊಳೆಯುವ ಎಳೆ ಹಸಿರು ಮೇಲೆ ಕಾಣಿಸಿಕೊಳ್ಳುತ್ತದೆ. ಇಳಿದ ಮೇಲೆ ಬಿದ್ದ ಎಲೆಯೊಂದನ್ನು ಎತ್ತಿಕೊಳ್ಳಿ. ಬಹುಪಾಲು ಎಲೆಗಳ ಮೈತುಂಬ ಗುಳ್ಳೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯೊಂದು ಎಲೆ ಎಳೆಯದಾಗಿದ್ದಾಗ ಸೇರಿಕೊಂಡು ಕಟ್ಟಿಸಿಕೊಂಡ ಮನೆಗಳವು. ಎಲೆ ತರಗಾದಾಗ ಗುಳ್ಳೆಯೂ ಗಟ್ಟಿಯಾಗಿ, ಬೆರಳಾಡಿಸಿದರೆ ಒರಟೊರಟು.

ಬಣ್ಣವೇ ಬೇಕೆಂದರೆ ಕಾಡುಬಾದಾಮಿಯ ಕಡೆ ಹೋಗಿ. ಊಟದ ತಟ್ಟೆಯಷ್ಟು ಅಗಲದ ಎಲೆ, ಒಂದು ಮಗ್ಗುಲು ಹಸಿರಿರುವಾಗಲೇ ಇನ್ನೊಂದು ಮಗ್ಗುಲಲ್ಲಿ ರಕ್ತಗೆಂಪು. ಎಲೆ ಕಳಚುವ ಮೊದಲು ಮರ ಅದರೊಳಗಿನ ಸತ್ವವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಹಸಿರು ಕರಗುತ್ತದೆ, ಬೇರೆ ಬಣ್ಣ ಮುಂದೆ ಬರುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ತೆಳ್ಳನೆಯ ಪದರವೊಂದು ಬಿಟ್ಟುಕೊಂಡು, ಗಾಳಿ ಇಲ್ಲದಿದ್ದರೂ ಎಲೆ ಕೈಬಿಡುತ್ತದೆ. ಇದು ನಮ್ಮ ಕಣ್ಣಿಗೆ ಬೀಳದಿರಲು ಒಂದು ಹಳೆಯ ಕಾರಣವಿರಬಹುದು. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಮರದ ಹೂ ಮುಗಿಯುತ್ತಲೇ ಇನ್ನೊಂದು ಅರಳುವಂತೆ ಲೆಕ್ಕ ಹಾಕಿ ಈ ಊರಿಗೆ ಸಾಲುಮರ ಆರಿಸಿದರು. ಅದರಿಂದಲೋ ಏನೋ, ಬೆಂಗಳೂರಿಗರು ತಲೆಯೆತ್ತಿ ಹೂ ನೋಡುವುದನ್ನು ಕಲಿತರು. ತಲೆತಗ್ಗಿಸಿ ಎಲೆ ನೋಡುವುದನ್ನು ಕಲಿಯಲಿಲ್ಲ.

ನಮ್ಮ ಬಡಾವಣೆಯ ಬೀದಿ ಗುಡಿಸುವ ಹೆಂಗಸಿನ ಬಾಯಲ್ಲಿ ತರಗು ಇಲ್ಲ. ‘ಎಲೆ ಕಸ ಜಾಸ್ತಿ ಸಾರ್ ಈ ತಿಂಗಳು’ ಅನ್ನುತ್ತಾರೆ. ಅವರನ್ನೇನೂ ಅನ್ನುವಂತಿಲ್ಲ, ಬೆಳಿಗ್ಗೆ ಗುಡಿಸಿದ್ದು ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ ಆಗಿರುತ್ತದೆ. ಆದರೆ ಶಿರಸಿ, ಸಿದ್ದಾಪುರದ ಕಡೆ ಇದೇ ಎಲೆ ‘ದರಕು’ ಆಗಿ ಬೆಲೆಯುಳ್ಳ ವಸ್ತು. ಬೇಸಿಗೆಗೆ ಮೊದಲು ಬೆಟ್ಟದಲ್ಲಿ ಗುಡಿಸಿ ತಂದು ಕೊಟ್ಟಿಗೆಯಲ್ಲಿ ಹಾಸುತ್ತಾರೆ, ಸಗಣಿ ಗಂಜಲ ಸೇರಿ ಅದು ಅಡಿಕೆ ತೋಟದ ಗೊಬ್ಬರವಾಗುತ್ತದೆ. ಸೊಪ್ಪು, ದರಕಿಗಾಗಿಯೇ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ‘ಸೊಪ್ಪಿನ ಬೆಟ್ಟ’ ಬಿಟ್ಟುಕೊಟ್ಟ ವ್ಯವಸ್ಥೆ ಬ್ರಿಟಿಷರ ಕಾಲದಿಂದ ನಡೆದುಬಂದಿದೆ.

ಇನ್ನೊಂದು ತರಗು ಇದೆ, ಎಲೆಗೂ ಅದಕ್ಕೂ ನಂಟಿಲ್ಲ. ಬೆಂಗಳೂರಿನ ತರಗುಪೇಟೆಯಲ್ಲಿ ತರಗೆಲೆ ಮಾರುತ್ತಿದ್ದರೇ ಎಂದು ಹುಡುಗರು ಕೇಳುವುದುಂಟು. ಅದು ದಲ್ಲಾಳಿತನದ ತರಗು, ಕಾಳುಕಡ್ಡಿ ವ್ಯಾಪಾರದ ಪೇಟೆ. ತಮಿಳರು ಇಂದಿಗೂ ದಲ್ಲಾಳಿಯನ್ನು ‘ತರಗರ್’ ಅನ್ನುತ್ತಾರೆ. ಆ ಸಗಟು ವ್ಯಾಪಾರದ ದೊಡ್ಡ ಪಾಲು ಆಮೇಲೆ ಯಶವಂತಪುರದ ಎಪಿಎಂಸಿ ಯಾರ್ಡಿಗೆ ಬಂತು. ಚಿಕ್ಕಪೇಟೆಯಲ್ಲಿ ಹಸಿರು ಮಾರ್ಗದ ರೈಲು ಹತ್ತಿದವರು ಯಶವಂತಪುರ ದಾಟಿ ನಾಗಸಂದ್ರದಲ್ಲಿ ಇಳಿದರೆ ಎರಡೂ ತರಗುಗಳನ್ನು ಒಂದೇ ಟಿಕೆಟ್ಟಿನಲ್ಲಿ ಮುಗಿಸಿದಂತೆ. ವಿಚಿತ್ರವೆಂದರೆ, ದಲ್ಲಾಳಿಯ ತರಗು ಮಾತಿನಿಂದ ಮಾಯವಾಗಿ ಬೋರ್ಡಿನಲ್ಲಿ ಉಳಿಯಿತು. ಎಲೆಯ ತರಗು ಪತ್ರಿಕೆಯಲ್ಲಿ ಉಳಿದು ಬೀದಿಯಲ್ಲಿ ಕಸವಾಯಿತು.

ಪದ ಬದಲಾದರೆ ನಡತೆಯೂ ಬದಲಾಗುತ್ತದೆ. ತರಗನ್ನು ಯಾರೂ ಸುಡುತ್ತಿರಲಿಲ್ಲ ಎಂದು ಹೇಳಲಾರೆ, ಸುಡುತ್ತಿದ್ದರು. ಆದರೆ ಕಸವೆಂದ ಮೇಲೆ ಕಡ್ಡಿ ಗೀರುವುದು ಇನ್ನೂ ಸಲೀಸು. ಮಾಘದ ಮುಂಜಾವಿನಲ್ಲಿ ಗೋಡೆ ಮೂಲೆಯಿಂದ ಹೊಗೆ ಏಳುತ್ತಿದ್ದರೆ ಅದು ಹೆಚ್ಚಾಗಿ ಎಲೆಯದೇ, ಜೊತೆಗಿಷ್ಟು ಪ್ಲಾಸ್ಟಿಕ್. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ, 5,000 ರೂಪಾಯಿ ದಂಡವನ್ನೂ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿಯನ್ನೂ ಗೊತ್ತು ಮಾಡಿದೆ. ದಂಡ ಕಟ್ಟಿದವರನ್ನು ನಾನಂತೂ ನಮ್ಮ ಕಡೆ ಕಂಡಿಲ್ಲ.

ನಿಮ್ಮ ಗೇಟಿನ ಮುಂದೆ ಮರವಿದ್ದರೆ ಈ ಸಲ ಬಿದ್ದ ಎಲೆಯನ್ನು ಅದರ ಬುಡಕ್ಕೇ ತಳ್ಳಿ, ಮೇಲೊಂದಿಷ್ಟು ಮಣ್ಣು, ಸಿಕ್ಕರೆ ಸಗಣಿ ನೀರು ಚಿಮುಕಿಸಿ. ಬುಡದವರೆಗೂ ಸಿಮೆಂಟ್ ಬಳಿಸಿದ್ದೀರಾ? ಹಾಗಾದರೆ ಮೊದಲು ಅದನ್ನು ಒಡೆಸಿ.