ಲಾರಿ ಡ್ರೈವರ್ ಕೈಗೆ ಮೈಕು ಯಾಕೆ ಬರಲಿಲ್ಲ?

ಚಿತ್ರದುರ್ಗ, ಹಿರಿಯೂರು ಕಡೆಯ ಈರುಳ್ಳಿ ಲಾರಿಗಳು ಯಶವಂತಪುರ ಮಾರುಕಟ್ಟೆಗೆ ಬರುವುದು ತುಮಕೂರು ರಸ್ತೆಯಲ್ಲಿ. ಅಲ್ಲಿಂದ ಸ್ವಲ್ಪ ದೂರಕ್ಕೇ ರಾಜಾಜಿನಗರ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಲಾರಿ ಹತ್ತಿ ನಾವು ಬೆಂಗಳೂರಿಗೆ ಬಂದಿದ್ದೆವು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ್ದ ಅಜ್ಜನ ಟ್ರಾನ್ಸಿಸ್ಟರ್ ಇತ್ತು. ರಾಜಾಜಿನಗರದ ಒಂದು ಸಣ್ಣ ಅಂಗಡಿಯಲ್ಲಿ ಹಳೇ ರೇಡಿಯೊ ಇನ್ನೂ ರಿಪೇರಿ ಮಾಡುತ್ತಾರೆ ಎಂದು ಯಾರೋ ಹೇಳಿದ್ದರು.

ದಾರಿಯಲ್ಲಿ ಡ್ರೈವರಣ್ಣ ಅದನ್ನು ನೋಡಿ ಕೇಳಿದರು: “ಇಂಗ್ಲಿಷ್ ಪಿಚ್ಚರ್‌ನಾಗೆ ಲಾರಿಯವರು ಸುರುಳಿ ವೈರಿನ ಮೈಕು ಹಿಡ್ಕಂಡು ಮಾತಾಡ್ತಾರಲ್ಲ, ಅದು ನಮ್ಗ್ಯಾಕೆ ಬರ್ಲಿಲ್ಲ?”

ಆಗ ನಮ್ಮ ಬಳಿ ಉತ್ತರ ಇರಲಿಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಆ ಮೈಕಿನ ಹೆಸರು ಸಿಬಿ ರೇಡಿಯೊ. ಸಿಟಿಜನ್ ಬ್ಯಾಂಡ್, ಅಂದರೆ ಜನಸಾಮಾನ್ಯರು ಮಾತಾಡಲು ಬಿಟ್ಟುಕೊಟ್ಟ ತರಂಗಗಳ ಪಟ್ಟಿ. ಅಮೆರಿಕದಲ್ಲಿ 1958ರಲ್ಲಿ 27 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳನ್ನು ಇದಕ್ಕೆ ಕೊಟ್ಟರು. 1973ರಲ್ಲಿ ತೈಲದ ಬಿಕ್ಕಟ್ಟು ಬಂತು. ಡೀಸೆಲ್ ಸಿಗುವುದು ಕಷ್ಟವಾಯಿತು. ವೇಗಕ್ಕೆ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ಮಿತಿ ಹಾಕಿದರು. ಯಾವ ಬಂಕಿನಲ್ಲಿ ಡೀಸೆಲ್ ಇದೆ, ಎಲ್ಲಿ ಪೊಲೀಸರು ನಿಂತಿದ್ದಾರೆ ಎಂದು ಡ್ರೈವರುಗಳು ಒಬ್ಬರಿಗೊಬ್ಬರು ಮೈಕಿನಲ್ಲೇ ಹೇಳಿಕೊಂಡರು. 1977ರಲ್ಲಿ ಚಾನೆಲ್‌ಗಳು 23ರಿಂದ 40ಕ್ಕೆ ಏರಿದವು. 19ನೇ ಚಾನೆಲ್ ಲಾರಿಯವರದು, 9ನೇದು ಅಪಾಯ ಕಾಲದ್ದು ಎಂದು ರೂಢಿಯಾಯಿತು.

ಆ ಸೆಟ್ಟನ್ನು ಅಂಗಡಿಯಿಂದ ತಂದು ಸಿಕ್ಕಿಸಿದ ಮಾತ್ರಕ್ಕೆ ಸಾಲದು, ಏರಿಯಲ್ ಹದ ಮಾಡಬೇಕು. 27 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗದ ಏರಿಯಲ್ ಎಂದರೂ ಕಾಲು ಕಮ್ಮಿ ಮೂರು ಮೀಟರ್ ಆಗುತ್ತದೆ. ಲಾರಿಗೆ ಅಷ್ಟುದ್ದದ್ದು ಕಟ್ಟುವುದು ಕಷ್ಟ. ಹಾಗಾಗಿ ಗಿಡ್ಡ ಕಡ್ಡಿಗೆ ತಂತಿಯ ಸುರುಳಿ ಸೇರಿಸಿ, ಮೀಟರ್ ನೋಡುತ್ತಾ ಕಡ್ಡಿಯನ್ನು ಬೆರಳಗಲದ ಲೆಕ್ಕದಲ್ಲಿ ಹೆಚ್ಚು ಕಮ್ಮಿ ಮಾಡುತ್ತಿದ್ದರು. ಅಳತೆ ತಪ್ಪಿದರೆ ಶಕ್ತಿ ಗಾಳಿಗೆ ಹೋಗದೆ ಸೆಟ್ಟಿಗೇ ವಾಪಸು ಬರುತ್ತದೆ. ಈ ಕೆಲಸವನ್ನು ಎಷ್ಟೋ ಡ್ರೈವರುಗಳು ತಾವೇ ಕಲಿತರು. ಮೊಬೈಲು ಬಂದ ಮೇಲೆ ಅಲ್ಲೂ ಈ ಮೈಕುಗಳ ಬಳಕೆ ಇಳಿಯಿತು.

ನಮ್ಮಲ್ಲಿ ಕಥೆಯೇ ಬೇರೆ. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆ ಎರಡೂ ಬ್ರಿಟಿಷರ ಕಾಲದವು. ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಯಂತ್ರ ಇಟ್ಟುಕೊಳ್ಳುವುದೇ ಅಪರಾಧ. ಸ್ವಾತಂತ್ರ್ಯ ಬಂದ ಮೇಲೂ ಆ ಬೀಗ ಉಳಿಯಿತು. ಬರೀ ರೇಡಿಯೊ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕ ಮಾಡಿಸಬೇಕಿತ್ತು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ನೆನಪಿರುತ್ತದೆ. 1980ರ ದಶಕದ ನಡುವಿನಲ್ಲಷ್ಟೇ ಈ ಲೈಸೆನ್ಸ್ ಪೂರ್ತಿ ಹೋಯಿತು.

ಕೇಳುವುದಕ್ಕೇ ಇಷ್ಟು ಕಟ್ಟು ಇದ್ದಾಗ ಮಾತಾಡುವುದು ದೂರದ ಮಾತು. ವೈರ್‌ಲೆಸ್ಸಿನಲ್ಲಿ ಮಾತಾಡುವವರು ಎಂದರೆ ಪೊಲೀಸರು, ಸೇನೆ, ಅರಣ್ಯ ಇಲಾಖೆ. ಪರೀಕ್ಷೆ ಪಾಸು ಮಾಡಿದ ಹ್ಯಾಮ್ ಹವ್ಯಾಸಿಗಳಿಗೂ ಅವಕಾಶ ಇತ್ತು, ಈಗಲೂ ಇದೆ. ಆದರೆ ವ್ಯಾಪಾರದ ಮಾತಿಗೆ ಆ ಲೈಸೆನ್ಸ್ ನಡೆಯುವುದಿಲ್ಲ. ಬಾಡಿಗೆ ಲಾರಿಯವನಿಗೆ ಅಲ್ಲೂ ಜಾಗವಿಲ್ಲ.

ಹಾಗಾಗಿ ನಮ್ಮ ಡ್ರೈವರುಗಳು ಬೇರೆ ಭಾಷೆ ಕಟ್ಟಿಕೊಂಡರು. ಎದುರಿನ ಲಾರಿ ಎರಡು ಸಲ ಲೈಟು ಮಿಣುಕಿಸಿದರೆ ಮುಂದೆ ತಪಾಸಣೆ ಇದೆ ಎಂದು ಅರ್ಥ. ಕೈ ಆಡಿಸಿದರೆ ನಿಧಾನ ಮಾಡು ಎಂದು. ಉಳಿದ ಸುದ್ದಿ ಡಾಬಾದ ಮಂಚದ ಮೇಲೆ. ಮಾಲೀಕನಿಗೆ ತಿಳಿಸಬೇಕಾದರೆ ಟ್ರಂಕ್ ಕಾಲ್, ಆಮೇಲೆ ಎಸ್‌ಟಿಡಿ ಬೂತು.

ಮಾತಿಗೆ ಬೀಗ ಇದ್ದರೂ ರೇಡಿಯೊ ಬಿಚ್ಚಿ ಹದ ಮಾಡುವ ವಿದ್ಯೆ ನಮ್ಮಲ್ಲಿ ಚೆನ್ನಾಗಿ ಬೆಳೆಯಿತು. ಅದರಲ್ಲೂ ಬೆಂಗಳೂರಿನಲ್ಲಿ. ರಾಜಾಜಿನಗರ ಮೊದಲಿಗೆ ಕೈಗಾರಿಕಾ ಉಪನಗರವಾಗಿಯೇ ಎದ್ದಿದ್ದು. ಮೈಸೂರು ರಸ್ತೆಯಲ್ಲಿ ರೆಮ್ಕೊ ಎಂಬ ಕಾರ್ಖಾನೆ ಇತ್ತು. ರೇಡಿಯೊ ಎಂಬ ಮಾತು ಅದರ ಹೆಸರಿನಲ್ಲೇ ಇತ್ತು. ಅದು ಮುಂದೆ ಬಿಎಚ್‌ಇಎಲ್ ಸೇರಿತು. ಪಶ್ಚಿಮ ಬೆಂಗಳೂರಿನಲ್ಲಿ ರೆಮ್ಕೊ ಲೇಔಟ್ ಎಂಬ ಹೆಸರು ಈಗಲೂ ಉಳಿದಿದೆ. ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವು, 1962ರಲ್ಲಿ ಜರ್ಮೇನಿಯಂ ಬಿಡಿಭಾಗಗಳನ್ನು ಮಾಡಲು ಶುರು ಮಾಡಿತು. ಬಿಡಿಭಾಗ ಎಸ್‌ಪಿ ರಸ್ತೆಯಲ್ಲಿ ಸಿಗುತ್ತಿತ್ತು. ಕೈಕೆಲಸ ಗೊತ್ತಿದ್ದ ಹುಡುಗರು ಒಂದು ಮೇಜು, ಒಂದು ಸಾಲ್ಡರ್ ಕಡ್ಡಿ ಇಟ್ಟುಕೊಂಡು ಅಂಗಡಿ ತೆರೆದರು. ಅಂಥವರು ಪ್ರತಿ ತಾಲ್ಲೂಕಿನಲ್ಲೂ ಇದ್ದರು.

ನಾವು ಹೋದ ಅಂಗಡಿಯವರೂ ಅಂಥ ಹಿರಿಯರು. ಅಜ್ಜನ ಸೆಟ್ಟಿನ ಹಿಂಬದಿ ಬಿಚ್ಚಿದರು. ಒಳಗೆ ತಗಡಿನ ಚಿಕ್ಕ ಡಬ್ಬಿಗಳು, ಒಂದೊಂದರ ತಲೆಗೆ ಒಂದೊಂದು ಬಣ್ಣ: ಕೆಂಪು, ಹಳದಿ, ಬಿಳಿ, ಕಪ್ಪು. ಸ್ಟೇಷನ್ ಯಾವುದೇ ಇರಲಿ, ರೇಡಿಯೊ ಅದನ್ನು ಒಳಗೆ ಒಂದೇ ತರಂಗಕ್ಕೆ, ಸಾಮಾನ್ಯವಾಗಿ 455 ಕಿಲೋಹರ್ಟ್ಸ್‌ಗೆ ಇಳಿಸಿಕೊಳ್ಳುತ್ತದೆ. ಹಳದಿ, ಬಿಳಿ, ಕಪ್ಪು ಡಬ್ಬಿಗಳು ಅದಕ್ಕೆ ಸರಿಯಾಗಿ ನಿಂತಿರಬೇಕು. ಅವರು ತಿರುಪು ತಿರುವಿದ್ದು ಬಿದಿರಿನ ಕಡ್ಡಿಯಲ್ಲಿ. ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ಬಂದರೆ ಸುರುಳಿಯ ಗುಣವೇ ಬದಲಾಗುತ್ತದೆ, ಕೈ ತೆಗೆದ ಕೂಡಲೇ ಹದ ತಪ್ಪುತ್ತದೆ ಎಂದರು.

ಮುಳ್ಳನ್ನು 612ಕ್ಕೆ, ಅಂದರೆ ಆಕಾಶವಾಣಿ ಬೆಂಗಳೂರಿಗೆ ತಂದರು. ಕಪ್ಪು ಕಡ್ಡಿಯ ಮೇಲಿನ ತಂತಿ ಸುರುಳಿಯ ಮೇಣ ಬಿಡಿಸಿ, ಅದನ್ನು ಕೂದಲೆಳೆಯಷ್ಟು ಸರಿಸಿದರು. ಸದ್ದು ತೆಳುವಾಗಿದ್ದದ್ದು ತುಂಬಿಕೊಂಡಿತು. ಮೀಟರಿಲ್ಲ, ಎಲ್ಲವೂ ಕಿವಿಯಲ್ಲೇ.

ಹಳ್ಳಿಯಲ್ಲಿ ನಾವೆಲ್ಲ ಸೆಟ್ಟನ್ನು ಆ ಕಡೆ ಈ ಕಡೆ ತಿರುಗಿಸಿ ಸ್ಟೇಷನ್ ಹಿಡಿಯುತ್ತಿದ್ದೆವಲ್ಲ, ಅದೂ ಇದೇ ವಿದ್ಯೆ. ಆ ಕಪ್ಪು ಕಡ್ಡಿಯ ತುದಿ ಸ್ಟೇಷನ್ ಕಡೆ ಇದ್ದರೆ ಸದ್ದು ಕುಗ್ಗುತ್ತದೆ, ಅಡ್ಡಲಾಗಿ ನಿಂತರೆ ಏರುತ್ತದೆ. ಧಾರವಾಡ 765, ಭದ್ರಾವತಿ 675 ಎಂದು ಅಂಕಿಯನ್ನು ಬಾಯಿಪಾಠ ಹೇಳುವವರು ಈಗಲೂ ಇದ್ದಾರೆ.

ಇನ್ನು ಬೀಗದ ಮಾತು. 1995ರಲ್ಲಿ ದೇಶಕ್ಕೆ ಮೊಬೈಲು ಬಂತು. ಮೊದಲು ಬರುವ ಕರೆಗೂ ದುಡ್ಡು. 2003ರಲ್ಲಿ ಬರುವ ಕರೆ ಉಚಿತವಾಯಿತು, ಡ್ರೈವರ್ ಜೇಬಿಗೂ ಫೋನು ಇಳಿಯಿತು. 2005ರಲ್ಲಿ ಸರ್ಕಾರ 26.957ರಿಂದ 27.283 ಮೆಗಾಹರ್ಟ್ಸ್ ತನಕದ ಪಟ್ಟಿಯನ್ನು 5 ವ್ಯಾಟ್ ಒಳಗಿನ ಸೆಟ್ಟುಗಳಿಗೆ ಲೈಸೆನ್ಸ್‌ನಿಂದ ಮುಕ್ತ ಮಾಡಿತು. ಅಮೆರಿಕದ ಲಾರಿಯವರು ಮಾತಾಡಿದ ಆಸುಪಾಸಿನದೇ ತರಂಗಗಳು. ಬೀಗ ತೆಗೆದಾಗ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ಒಬ್ಬನ ಹತ್ತಿರ ಮೈಕು ಇದ್ದು ಇನ್ನೊಬ್ಬನ ಹತ್ತಿರ ಇಲ್ಲದಿದ್ದರೆ ಏನು ಉಪಯೋಗ? ಡ್ರೈವರಣ್ಣನ ಪ್ರಶ್ನೆಗೆ ಉತ್ತರ ಇಷ್ಟೇ: ಅನುಮತಿ ಬಂತು, ಎರಡು ವರ್ಷ ತಡವಾಗಿ ಬಂತು.

ಮೊಬೈಲು ಇದೆಯಲ್ಲ, ನಷ್ಟವೇನು ಎನ್ನಬಹುದು. ಒಂದು ವ್ಯತ್ಯಾಸ ಇದೆ. ಫೋನು ತಲುಪುವುದು ನಂಬರ್ ಗೊತ್ತಿರುವವರನ್ನು. ಸಿಬಿ ತಲುಪುವುದು ಅದೇ ರಸ್ತೆಯಲ್ಲಿ ಆ ಹೊತ್ತಿಗೆ ನಾಲ್ಕಾರು ಕಿಲೋಮೀಟರ್ ಒಳಗೆ ಇರುವ ಗುರುತಿಲ್ಲದವರನ್ನು. ಅದಕ್ಕೆ ಟವರ್ ಬೇಡ. 2018ರ ಆಗಸ್ಟ್ ಮಳೆಯಲ್ಲಿ ಕೊಡಗಿನಲ್ಲಿ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದದ್ದು ನೆನಪಿರಬೇಕು. ಕರೆಂಟು ಹೋಗಿ ಟವರ್ ಕೈಕೊಟ್ಟರೆ, ತಿರುವಿನ ಆಚೆ ಮಣ್ಣು ಬಿದ್ದಿದೆ ಎಂದು ಹಿಂದಿನ ಲಾರಿಗೆ ಹೇಳುವ ದಾರಿ ಇಂದಿಗೂ ಹೆಡ್‌ಲೈಟೇ.

ಇದನ್ನು ಓದಿ ಆನ್‌ಲೈನಿನಲ್ಲಿ ಸಿಕ್ಕ ಅಗ್ಗದ ವಾಕಿಟಾಕಿ ತರಿಸಬೇಡಿ. ಲೈಸೆನ್ಸ್ ಬೇಕಾದ ತರಂಗದ ಸೆಟ್ಟುಗಳನ್ನು ಹಾಗೇ ಮಾರುತ್ತಿದ್ದ ತಾಣಗಳಿಗೆ 2025ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿದೆ. ಆಸಕ್ತಿ ಇರುವ ಹುಡುಗ ಹುಡುಗಿಯರಿಗೆ ಹ್ಯಾಮ್ ಪರೀಕ್ಷೆ ಇದೆ, 12 ವರ್ಷ ತುಂಬಿದ್ದರೆ ಸಾಕು.

ಅಂಗಡಿಯ ಹಿರಿಯರು ಕೊನೆಯ ತಿರುಪನ್ನು ನಮ್ಮ ಕೈಗೇ ಕೊಟ್ಟರು. “ನೀವೇ ತಿರುವಿ, ಕಿವಿಗೆ ಗೊತ್ತಾಗುತ್ತೆ” ಎಂದರು. ಗೊತ್ತಾಯಿತು. ಈಗಿನ ಸೆಟ್ಟುಗಳಲ್ಲಿ ಎಲ್ಲವೂ ಒಂದೇ ಚಿಪ್ಪಿನೊಳಗೆ, ತಿರುವಲು ಏನೂ ಇಲ್ಲ. ನಿಮ್ಮೂರಿನಲ್ಲಿ ಬಿದಿರಿನ ಕಡ್ಡಿ ಹಿಡಿದು ರೇಡಿಯೊ ಹದ ಮಾಡಿದವರು ಇದ್ದರೆ, ಈ ಭಾನುವಾರ ಹೋಗಿ ಮಾತಾಡಿಸಿ. ಅಟ್ಟದ ಮೇಲಿನ ಸೆಟ್ಟನ್ನೂ ಒಯ್ಯಿರಿ. ಅವರು ಹೇಳಿದ್ದನ್ನು ನಿಮ್ಮ ಫೋನಿನಲ್ಲೇ ಬರೆದಿಟ್ಟುಕೊಳ್ಳಿ.