ಬೆಂಕಿ ಕಾಯುವವನ ಸಂಬಳ ಯಾರ ಲೆಕ್ಕಕ್ಕೆ?

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಊರು ಕಾಯೋಕೆ ತಳವಾರ, ತೋಟಿ ಇದ್ದರು. ಅವರ ಸಂಬಳ ಕಣದಲ್ಲೇ ತೀರುತ್ತಿತ್ತು. ಸುಗ್ಗಿಯಲ್ಲಿ ರೈತ ರಾಶಿಯಿಂದ ಆಯ ಅಳೆದು ಕೊಡುತ್ತಿದ್ದ, ಜೊತೆಗೆ ಇನಾಂ ಜಮೀನು. ಅದರಲ್ಲಿ ಜಾತಿಯ ಹೊರೆ ಎಷ್ಟಿತ್ತು ಅನ್ನೋದು ಬೇರೆಯೇ ಕತೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಆ ವಂಶಪಾರಂಪರ್ಯದ ಕೆಲಸಗಳು ಹೋದವು.

ಇದನ್ನು ಯಾಕೆ ಹೇಳಿದೆ ಅಂದರೆ, ಇವತ್ತು ನಮ್ಮೂರುಗಳ ಹುಡುಗರು ಜಯನಗರ, ಜೆ.ಪಿ. ನಗರ, ಬನಶಂಕರಿಯ ಫ್ಲಾಟುಗಳಲ್ಲಿ ಸೆಕ್ಯುರಿಟಿ ಕೆಲಸ ಮಾಡ್ತಿದ್ದಾರೆ. 1948ರಲ್ಲಿ ಜಯನಗರ ಶುರುವಾದಾಗ ಅಲ್ಲಿದ್ದದ್ದು ಕಾಂಪೌಂಡಿನ ಬಿಡಿ ಮನೆಗಳು. ಈಗ ಒಂದೇ ಮೆಟ್ಟಿಲಿಗೆ ಹತ್ತಾರು ಸಂಸಾರ.

2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಹೊಗೆ ತಾಳಲಾರದೆ ಕೆಲವರು ಮೇಲಿಂದ ಜಿಗಿದಿದ್ದರು. 2021ರ ಸೆಪ್ಟೆಂಬರ್ 21ರಂದು ಬನ್ನೇರುಘಟ್ಟ ರಸ್ತೆ ಕಡೆಯ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ತಾಯಿ, ಮಗಳು ಇಬ್ಬರೂ ಹೋದರು. ಬಾಲ್ಕನಿಗೆ ಕಬ್ಬಿಣದ ಗ್ರಿಲ್ ಇತ್ತು. ಕಳ್ಳರಿಗೆ ಅಂತ ಹಾಕಿಸಿದ ಗ್ರಿಲ್ ದಾಟಿ ಹೊರಗೆ ಬರೋದು ಹೇಗೆ?

ಈಗ ಕಟ್ಟಡದ ಅಲಾರಂ ಕೆಟ್ಟಿದೆ, ಪಂಪು ಎತ್ತುತ್ತಿಲ್ಲ ಅನ್ನಿ. ರಿಪೇರಿ ಆಗೋವರೆಗೂ ರಾತ್ರಿಯಿಡೀ ಮಹಡಿ ಮಹಡಿ ಸುತ್ತೋಕೆ ಆಳು ಬೇಕು. ದುಡ್ಡು ಯಾರದು? 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಪ್ರಕಾರ, ಜಂಟಿ ಜಾಗದಲ್ಲಿ ಅವರವರ ಪಾಲು ಎಷ್ಟೋ ಸಾಮಾನ್ಯ ಖರ್ಚಿನಲ್ಲೂ ಅಷ್ಟೇ ಪಾಲು. ಹಳೇ ಆಯದ ಲೆಕ್ಕವೇ ಬೇರೆ ವೇಷದಲ್ಲಿ ಬಂದಂತಿದೆ. ಆದರೆ ಕೆಳಗಿನ ಮನೆಯವರು, "ನಾವು ಬಾಗಿಲು ತೆಗೆದರೆ ರಸ್ತೆ, ನಮಗ್ಯಾಕೆ?" ಅಂತಾರೆ. ಮಾಲೀಕ ಬಾಡಿಗೆಯವನ ಕಡೆ ಕೈ ತೋರಿಸ್ತಾನೆ. ಹೊಸ ಕಟ್ಟಡವಾದರೆ ಎಲ್ಲರೂ ಬಿಲ್ಡರ್ ಕಡೆ ನೋಡ್ತಾರೆ, ಅದರಲ್ಲಿ ನ್ಯಾಯವೂ ಇದೆ. 2016ರ ರೇರಾ ಕಾಯ್ದೆಯ 14ನೇ ಕಲಂ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ಕೆಲಸದ ದೋಷ ಕಂಡರೆ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು, ಇಲ್ಲದಿದ್ದರೆ ಪರಿಹಾರ ಕೊಡಬೇಕು. ಆ ನಡುವೆ ರಾತ್ರಿ ಕಾಯುವವನ ಕೂಲಿಯ ಮಾತು ಆ ಕಲಂನಲ್ಲಿಲ್ಲ.

ಲಂಡನ್ನಿನಲ್ಲೂ ಇದೇ ಜಗಳವಾಯ್ತು. 2017ರ ಜೂನ್ 14ರಂದು ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತ ಮೇಲೆ, ಅಪಾಯದ ಹೊದಿಕೆ ಇದ್ದ ಹಲವು ಕಟ್ಟಡಗಳಿಗೆ ಕಾವಲು ಹಾಕಿದರು. ಬಿಲ್ಲು ಹೋದದ್ದು ಫ್ಲಾಟು ಕೊಂಡವರ ಮನೆಗೆ. 2020ರ ಡಿಸೆಂಬರಿನಲ್ಲಿ ಸರ್ಕಾರ 3 ಕೋಟಿ ಪೌಂಡ್ ಘೋಷಿಸಿತು. ಅದೂ ಕಾವಲಿನ ಬದಲು ಅಲಾರಂ ಹಾಕಿಸೋಕೆ. ಅಷ್ಟರಲ್ಲಿ ಕೊಟ್ಟಿದ್ದ ಕಾವಲಿನ ದುಡ್ಡು ಅದರಿಂದ ವಾಪಸ್ ಬರಲಿಲ್ಲ.